ಸೋಲುವವರಿಗೆ ಸಮಾಧಾನ ಹೇಳುವ ಕೆಲಸ

ನಾನು ನಿವೃತ್ತ. ನಂಬುವುದು ಕಷ್ಟ. ತಲೆಯಲ್ಲಿ ಕೂದಲು ಪೂರ್ತಿ ಉಂಟು, ಮದುವೆ ಇನ್ನೂ ಆಗಿಲ್ಲ, ಮಂಡಿನೋವು ಬಂದಿಲ್ಲ. ಬೀಳ್ಕೊಡುಗೆ ಸಮಾರಂಭ ನಡೆಯಲಿಲ್ಲ. ಶಾಲು, ಹಣ್ಣಿನ ಬುಟ್ಟಿ, 'ಇವರಿಗೆ ಶತ್ರುಗಳೇ ಇಲ್ಲ' ಎಂಬ ಭಾಷಣ ಯಾವುದೂ ಸಿಗಲಿಲ್ಲ. ಭಾಷಣ ತಪ್ಪಿದ್ದು ಒಳ್ಳೆಯದೇ ಆಯಿತು. ನನ್ನ ಕೆಲಸದಲ್ಲಿ ಎದುರು ಕೂತವರೆಲ್ಲ ಶತ್ರುಗಳೇ. ಅವರಿಗೆ ಮಾತ್ರ ಅದು ಗೊತ್ತಾಗಬಾರದು, ಅಷ್ಟೆ.

ಕೆಲಸ ಎಂದರೆ ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಹಣ ಹಾಕಿ ಪೋಕರ್ ಆಡುವುದು. ಆಮೇಲೆ ಅದನ್ನು ನಿಷೇಧಿಸುವ ಕಾನೂನು ಬಂತು, ಆ್ಯಪ್‌ಗಳೆಲ್ಲ ಮುಚ್ಚಿದವು. ಊರಿನಲ್ಲಿ ಎಲ್ಲರೂ "ಪಾಪ, ಸರಕಾರ ಅವನ ಹೊಟ್ಟೆಗೆ ಹೊಡೆಯಿತು" ಅನ್ನುತ್ತಾರೆ. ನಾನೂ ಹೂಂ ಅಂದು ಮುಖ ಸಣ್ಣ ಮಾಡುತ್ತೇನೆ. ನಿಜ ಸಂಗತಿ ಬೇರೆ. ಕಾನೂನು ಬರುವುದಕ್ಕೆ ಮೊದಲೇ, ಒಂದು ಶನಿವಾರ, ನಾನು ಆಟ ಬಿಟ್ಟಾಗಿತ್ತು. ಒಬ್ಬರು ಕನ್ನಡ ಮಾಸ್ಟ್ರು ನನ್ನ ಮಾತು ನಂಬಿ ಇದ್ದ ನೌಕರಿ ಬಿಡಲು ಹೊರಟಿದ್ದರು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾಕೆಂದರೆ ಮೂಡಬಿದಿರೆಯ ಕಾಲೇಜು ಹುಡುಗರು ಈಗಲೂ ಹುಡುಕಿಕೊಂಡು ಬರುತ್ತಾರೆ. ಹೊರದೇಶದ ಯಾವುದೋ ಆ್ಯಪ್ ಉಂಟಂತೆ, ಗೋವಾಕ್ಕೆ ಹೋದರೆ ಹೇಗೆ, ಸುಲಭದ ಟೇಬಲ್ ಹೇಗೆ ಗೊತ್ತಾಗುತ್ತದೆ. ಎಲ್ಲ ಪ್ರಶ್ನೆಗಳೂ ಗೆಲ್ಲುವವನ ಕಡೆಯಿಂದ. ಸೋಲುವವನ ಕಡೆಯಿಂದ ಕೇಳಿದವರು ನನ್ನ ಅಮ್ಮ ಒಬ್ಬರೇ.

ಗೊತ್ತಿಲ್ಲದವರಿಗೆ ಆಟ ಸ್ವಲ್ಪದರಲ್ಲಿ ಹೇಳುತ್ತೇನೆ. ಇದು ಇಸ್ಪೀಟು. ಒಬ್ಬೊಬ್ಬರ ಕೈಗೆ ಗುಟ್ಟಾಗಿ ಎರಡು ಎಲೆ, ನಡುವೆ ಎಲ್ಲರಿಗೂ ಕಾಣುವ ಐದು ಎಲೆ. ಸೇರಿಸಿ ನೋಡಿದಾಗ ಯಾರದ್ದು ಒಳ್ಳೆಯ ಜೋಡಣೆಯೋ ಅವರು ಗೆದ್ದರು. ನಡುನಡುವೆ ಪಣ ಏರಿಸಬಹುದು, ಹೆದರಿ ಎಲೆ ಬಿಸಾಡಬಹುದು, ಕೈಯಲ್ಲಿ ಎಂತದೂ ಇಲ್ಲದೆ ಎಲ್ಲ ಇದ್ದವರ ಹಾಗೆ ಏರಿಸಿ ಎದುರಿನವರನ್ನು ಓಡಿಸಬಹುದು. ಸಿನಿಮಾದಲ್ಲಿ ಈ ಕೊನೆಯದನ್ನು ತೋರಿಸುತ್ತಾರೆ. ಕೆಲಸದಲ್ಲಿ ಇಡೀ ದಿನ ಮಾಡುವುದು ಎಲೆ ಬಿಸಾಡುವುದನ್ನೇ. ಬಸ್‌ಸ್ಟ್ಯಾಂಡಿನಲ್ಲಿ ಕೂತು ನಮ್ಮ ಊರಿಗೆ ಹೋಗದ ಬಸ್ಸುಗಳನ್ನೆಲ್ಲ ಬಿಡುತ್ತಾ ಇದ್ದ ಹಾಗೆ.

ನಮ್ಮ ಆಫೀಸು ಬಿ.ಸಿ.ರೋಡಿನಲ್ಲಿ, ಹಿಟ್ಟಿನ ಮಿಲ್ಲಿನ ಮೇಲಿನ ಕೋಣೆ. ಕೆಳಗೆ ಯಂತ್ರ ತಿರುಗಿದರೆ ಮೇಲೆ ನಮ್ಮ ಕುರ್ಚಿ ನಡುಗುತ್ತಿತ್ತು. ಅಕ್ಕಿ ಹುಡಿ ಮಾಡುವ ದಿನ ತಲೆ ಬೆಳ್ಳಗೆ, ಮೆಣಸು ಹುಡಿ ಮಾಡುವ ದಿನ ಕಣ್ಣು ಕೆಂಪಗೆ. ಒಮ್ಮೆ ಸೀನು ಬಂದು ಬೆರಳು ತಪ್ಪಿ, ಬಿಸಾಡಬೇಕಿದ್ದ ಎಲೆಯ ಮೇಲೆ ಇದ್ದದ್ದೆಲ್ಲ ಹಾಕಿಬಿಟ್ಟೆ. ಎದುರಿನವನು ಹೆದರಿ ಓಡಿದ. ಆ ತಿಂಗಳು ನಾನು ಆಡಿದ ಅತಿ ಧೈರ್ಯದ ಆಟ ಅದೇ.

ಯಜಮಾನರು ಗುಣಪಾಲ ಸರ್, ಮೂಡಬಿದಿರೆಯವರು. ಮೊದಲು ಬ್ಯಾಂಕ್ ಪರೀಕ್ಷೆಗೆ ಹೋಗುವವರಿಗೆ ಗಣಿತ ಹೇಳಿಕೊಡುತ್ತಿದ್ದರು. ಬಂಡವಾಳ ಅವರದ್ದು, ಕೂತು ಆಡುವುದು ನಾನೂ ಬಂಟ್ವಾಳದ ಲತೀಫನೂ, ಲಾಭದಲ್ಲಿ ನಮಗೆ ಪಾಲು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆತನ ಅವರದ್ದು. ಹಾಗಾಗಿ ಸಂಜೆಯ ಬಿಸಿಲು ಕೆಂಪಾಗುವಾಗ ಕೆಲಸ ಬಂದ್. ಜೂಜುಕೋರರು ರಾತ್ರಿ ಎಚ್ಚರ ಇರುತ್ತಾರೆ ಎಂದು ಎಣಿಸಿದವರು ನಮ್ಮನ್ನು ನೋಡಿದ್ದರೆ ಪಂಚಾಯತ್ ಸಿಬ್ಬಂದಿ ಅನ್ನುತ್ತಿದ್ದರು.

ಈ ಕಸುಬಿನಲ್ಲಿ ಆಟ ಬಾರದವರಿಗೆ ಲೋಕದಲ್ಲೆಲ್ಲ ಇರುವ ಹೆಸರು 'ಮೀನು'. ದಿನಾ ಮೀನು ತಿನ್ನುವ ಊರಿನವರಾದ ನಾವು ಅಷ್ಟಕ್ಕೇ ಬಿಡುತ್ತೇವಾ? ಲತೀಫ್ ತರಗತಿ ಮಾಡಿದ: ಸಣ್ಣವರು ಬೂತಾಯಿ, ನಡುವಿನವರು ಬಂಗುಡೆ, ದೊಡ್ಡ ಕೈಯವರು ಅಂಜಲ್. ಸರ್ ಮಾತ್ರ ಮೀನಿನ ಹೆಸರು ಬಾಯಲ್ಲೂ ತರಲಿಲ್ಲ. ಅವರದ್ದು ಬೇರೆಯೇ ಪದ.

"ನೋಡಿ, ಎರಡನೇ ಟೇಬಲಿಗೆ ಒಬ್ಬರು ಹಿತೈಷಿಗಳು ಬಂದಿದ್ದಾರೆ. ದಯವಿಟ್ಟು ಅವರ ಎಡಬದಿಯಲ್ಲಿ ಕುಳಿತುಕೊಳ್ಳಿ."

ಹಿತೈಷಿಗಳು! ಆ್ಯಪ್‌ನ ಪರದೆಯ ಟೇಬಲಿನಲ್ಲಿ ಅವರ ಎಡಬದಿಯಲ್ಲಿ ಕೂತರೆ ಅವರು ಏನು ಮಾಡುತ್ತಾರೆಂದು ನೋಡಿ ಆಮೇಲೆ ನಾವು ನಿರ್ಧರಿಸಬಹುದು. ಸರ್ ಕಲಿಸಿದ ವಿದ್ಯೆಯ ಸಾರ ಅದೇ. ಯಾವ ಎಲೆ ಬಂತು ಎನ್ನುವುದಕ್ಕಿಂತ ಯಾರ ಪಕ್ಕ ಕೂತೆ ಎನ್ನುವುದು ಮುಖ್ಯ.

ನಾನು ಸೇರಿದ ಸಮಯದಲ್ಲಿ ಕೆಲಸ ಅಂದಾಜಿನದ್ದು. ಎದುರಿನವನು ಎಷ್ಟು ಬೇಗ ಗುಂಡಿ ಒತ್ತಿದ, ಎಷ್ಟು ತಡ ಮಾಡಿದ ನೋಡಿ ಅವನ ಮನಸ್ಸು ಊಹಿಸುವುದು. ಆಮೇಲೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಬಂತು. ಯಾವ ಎಲೆಗೆ ಎಷ್ಟು ಏರಿಸಬೇಕು ಎಂದು ಅದೇ ಹೇಳಿತು. ಲತೀಫ್ ಅದನ್ನು ಬಾಯಿಪಾಠ ಮಾಡಿದ. ನಾನು ಮಾಡಿದ ಹಾಗೆ ನಟಿಸಿದೆ. ಕಸುಬು ಬಲ್ಲವರೆಲ್ಲ ಒಂದೇ ರೀತಿ ಆಡತೊಡಗಿದಾಗ ಒಂದು ವಿಷಯ ಹಗಲಿನಷ್ಟು ಸ್ಪಷ್ಟವಾಯಿತು. ಪ್ರತಿ ಆಟದಿಂದ ಆ್ಯಪ್‌ನವರು ತಮ್ಮ ಕಮಿಷನ್ ಎತ್ತುತ್ತಾರೆ. ಹಾಗಾಗಿ ಸಮಬಲದ ಇಬ್ಬರು ಕೂತು ಆಡಿದರೆ ಕೊನೆಗೆ ಇಬ್ಬರ ಚೀಲವೂ ಸಣ್ಣದಾಗುತ್ತದೆ. ಆಟ ಬಾರದವರು ಬಂದು ಕೂರದಿದ್ದರೆ ನಮಗೆ ಅನ್ನವೇ ಇಲ್ಲ. 'ನಾನು ನನ್ನ ಕೌಶಲದಿಂದ ಗೆಲ್ಲುತ್ತೇನೆ' ಎಂದು ಎದೆ ತಟ್ಟುವ ಹುಡುಗರು ಈ ಒಂದು ಮಾತನ್ನು ನೆನಪಿಡಬೇಕು. ನಮ್ಮ ಕೌಶಲಕ್ಕೆ ಬೆಲೆ ಬರುವುದು ಬೇರೊಬ್ಬರಿಗೆ ಅದು ಇಲ್ಲದಿದ್ದಾಗ.

ಹಾಗೆಂದು ಸರ್ ಕಳ್ಳರಲ್ಲ. ನಾನೂ ಲತೀಫನೂ ಒಂದೇ ಟೇಬಲಿನಲ್ಲಿ ಕೂರಬಾರದು, ಒಬ್ಬನೇ ಎರಡು ಹೆಸರಿನಲ್ಲಿ ಆಡಬಾರದು. ಸಿಕ್ಕಿಬಿದ್ದರೆ ಅವತ್ತೇ ಬಿ.ಸಿ.ರೋಡಿನಿಂದ ಬಸ್ಸು ಹತ್ತಿಸುತ್ತಿದ್ದರು. "ಅರಿತು ಆಡುವುದು ಬೇರೆ, ಅಡಗಿಸಿ ಆಡುವುದು ಬೇರೆ" ಅನ್ನುತ್ತಿದ್ದರು. ನಾನು ಆ ಮಾತನ್ನು ಒಪ್ಪಿದವನು, ಈಗಲೂ ಒಪ್ಪುತ್ತೇನೆ. ಬಲ್ಲವನು ಬಾರದವನ ಎದುರು ಗೆದ್ದರೆ ಅದರಲ್ಲಿ ಮೋಸ ಎಂತದು? ವಾಲಿಬಾಲಿನಲ್ಲಿ ಸೋಲುತ್ತಿರುವ ತಂಡಕ್ಕೆ ಯಾರಾದರೂ ಬಾಲು ಮೆತ್ತಗೆ ಹೊಡೆಯುತ್ತಾರಾ?

ನನ್ನ ಸಮಸ್ಯೆ ಗೆದ್ದದ್ದರಲ್ಲಿ ಇರಲಿಲ್ಲ. ಗೆದ್ದ ಮೇಲೆ ಹೇಳುವ ಮಾತಿನಲ್ಲಿತ್ತು.

ನನಗೆ ಸಣ್ಣಂದಿನಿಂದ ಬರುತ್ತಿದ್ದದ್ದು ಒಂದೇ ವಿದ್ಯೆ, ಬೇರೆಯವರ ಹಾಗೆ ಮಾತಾಡುವುದು. ಮಡಂತ್ಯಾರಿನ ಬಸ್ ಏಜೆಂಟ್, ಮದುವೆ ಹಾಲಿನಲ್ಲಿ ಮೈಕ್ ಬಿಡದ ನಿರೂಪಕ, ಇಂಜೆಕ್ಷನ್ ಕೊಡುವ ಮೊದಲು ರಾಜಕೀಯ ಕೇಳುವ ಡಾಕ್ಟರು, ಯಾರನ್ನೂ ಬಿಟ್ಟಿಲ್ಲ. ನನ್ನನ್ನೇ ಅನುಕರಿಸಿದರೆ ಹೇಗಿರುತ್ತದೆ ಎಂದು ಒಮ್ಮೆ ಕನ್ನಡಿ ಮುಂದೆ ನೋಡಿದೆ. ಅಷ್ಟೇನೂ ಚೆನ್ನಾಗಿ ಬರಲಿಲ್ಲ. ನಮ್ಮ ಆ್ಯಪ್‌ನ ಟೇಬಲುಗಳಲ್ಲಿ ಬರೆದು ಹರಟಬಹುದಿತ್ತು, ಬೇಕಾದರೆ ಮೈಕ್ ಹಾಕಿ ಮಾತಾಡಲೂಬಹುದಿತ್ತು. ಒಂದು ಮಧ್ಯಾಹ್ನ ನಾನು ಮೈಕಿನಲ್ಲಿ ಗುಣಪಾಲ ಸರ್ ಪಾಠ ಮಾಡುವುದನ್ನು ಮಾಡಿ ತೋರಿಸುತ್ತಿದ್ದೆ. "ನೋಡಿ, ಸಂಭವನೀಯತೆ ಎನ್ನುವುದು..." ಎಂದು ನಿಲ್ಲಿಸಿ, ಗುಟುಕ್ ಎಂದು ನೀರು ಕುಡಿಯುವ ಶಬ್ದ. ಟೇಬಲ್ ಇಡೀ ನಗು. ಸರ್ ತಮ್ಮ ಫೋನಿನಿಂದ ಆ ಟೇಬಲಿನ ನೋಡುಗರ ಸಾಲಿನಲ್ಲಿ ಇದ್ದದ್ದು ನನಗೆ ಗೊತ್ತಿರಲಿಲ್ಲ.

ಹಿಂದಿನಿಂದ ಬಂದು ಹೆಗಲ ಮೇಲೆ ಕೈ ಇಟ್ಟರು. "ಅನುಕರಣೆ ಉತ್ತಮವಾಗಿದೆ. ಆದರೆ ನಾನು ನೀರು ಕುಡಿಯುವುದು 'ಸಂಭವನೀಯತೆ'ಗೆ ಮೊದಲು, ಅನಂತರವಲ್ಲ."

ಕೆಲಸ ಹೋಯಿತು ಎಂದುಕೊಂಡೆ. ಅವರು ಪರದೆ ತೋರಿಸಿದರು. "ನಿಮ್ಮ ಟೇಬಲಿನಿಂದ ಒಬ್ಬ ಹಿತೈಷಿಯೂ ಎದ್ದು ಹೋಗಿಲ್ಲ, ಗಮನಿಸಿದಿರಾ? ಸೋತವರೂ ಕೂತೇ ಇದ್ದಾರೆ. ಇದನ್ನು ಮುಂದುವರಿಸಿ."

ಅಂದಿನಿಂದ ನನಗೆ ಹೊಸ ಕೆಲಸ. ಲತೀಫ್ ಲೆಕ್ಕ ಮಾಡಿ ಗೆಲ್ಲುತ್ತಿದ್ದ. ನಾನು ನಗಿಸಿ ಗೆಲ್ಲುತ್ತಿದ್ದೆ. ಸೋತವನಿಗೆ ಆಟ ತಪ್ಪಿತು ಎಂದು ಯಾವತ್ತೂ ಹೇಳಬಾರದು. ಹೇಳಿದರೆ ಕಲಿಯುತ್ತಾನೆ, ಅಥವಾ ಬೇಸರವಾಗಿ ಹೋಗುತ್ತಾನೆ; ಎರಡೂ ನಮಗೆ ನಷ್ಟ. "ಛೆ, ನಿಮ್ಮದು ಸರಿಯಾದ ಆಟವೇ. ಎಲೆ ಕೈಕೊಟ್ಟಿತು ಮಾರಾಯ್ರೆ. ಇನ್ನೊಂದು ಆಡುವ." ಇಷ್ಟೇ ವಾಕ್ಯ. ನಾನು ಅದನ್ನು ಎಷ್ಟು ಸಲ ಬರೆದಿದ್ದೇನೆಂದರೆ ಫೋನು ಮೊದಲ ಅಕ್ಷರಕ್ಕೇ ಪೂರ್ತಿ ಮಾಡಿ ಕೊಡುತ್ತಿತ್ತು.

ಅಮ್ಮ ಮಡಂತ್ಯಾರಿನಲ್ಲಿ ಟೈಲರಿಂಗ್ ಮಾಡುತ್ತಾರೆ. ಮದುವೆ ಸಂಬಂಧ ನೋಡುವವರಿಗೆ "ಮಗನಿಗೆ ಕಂಪ್ಯೂಟರಿನಲ್ಲಿ ಕೆಲಸ" ಅನ್ನುತ್ತಿದ್ದರು. ಒಂದು ಭಾನುವಾರ ರವಿಕೆಗೆ ಹುಕ್ ಹಾಕುತ್ತಾ ತುಳುವಿನಲ್ಲಿ ಕೇಳಿದರು, "ನೀನು ಗೆಲ್ಲುವುದು ಸರಿ. ಸೋಲುವವರು ಯಾರು ಮಗ?"

"ಆಟ ಸರಿ ಬಾರದವರು ಅಮ್ಮ. ನಿನ್ನಲ್ಲಿಗೂ ಹೊಲಿಯಲು ಬಾರದವರೇ ಬರುವುದಲ್ವಾ?"

"ಅವರು ಹೋಗುವಾಗ ರವಿಕೆ ತಗೊಂಡು ಹೋಗ್ತಾರೆ."

"ನನ್ನಲ್ಲಿಗೆ ಬಂದವರು ನಗಾಡಿಕೊಂಡು ಹೋಗ್ತಾರೆ."

ಅಮ್ಮ ನನ್ನ ಮುಖ ನೋಡಿ ಹಲ್ಲಿನಲ್ಲಿ ನೂಲು ಕಡಿದರು. ಉತ್ತರ ಚೆನ್ನಾಗಿತ್ತು ಎಂದು ಆಗ ಅನಿಸಿತ್ತು.

ಆ ಸಮಯಕ್ಕೆ ನಮ್ಮ ಟೇಬಲಿಗೆ ಬಂದವರು 'ಹಳಗನ್ನಡ'. ಟೇಬಲಿನಲ್ಲಿ ಯಾರಿಗೂ ಸ್ವಂತ ಹೆಸರು ಇರುವುದಿಲ್ಲ, ನಾನು 'ಗಿಳಿಮರಿ'. ಹಳಗನ್ನಡ ನಾಲ್ಕು ಗಂಟೆಯ ಮೇಲೆ ಬಂದು ಕೂರುತ್ತಿದ್ದರು, ಬಹಳ ಖುಷಿಯಾಗಿ ಸೋಲುತ್ತಿದ್ದರು. ಕೈಗೆ ರಾಣಿ ಬಂದರೆ ಜೊತೆಗೆ ಎಂತ ಕಸ ಇದ್ದರೂ ಬಿಸಾಡುತ್ತಿರಲಿಲ್ಲ. ಅವರ ಇನ್ನೊಂದು ಗುಟ್ಟು ನನಗೆ ಬೇಗ ಗೊತ್ತಾಯಿತು. ಎಲೆ ಒಳ್ಳೆಯದಿದ್ದರೆ 'ಸರಿ' ಎಂದು ಚುಟುಕಾಗಿ ಬರೆಯುತ್ತಿದ್ದರು. ಸುಳ್ಳು ಏರಿಸುವಾಗ ಭಾಷೆ ಒಮ್ಮೆಲೇ ಗ್ರಂಥಸ್ಥ: 'ತಾವು ಮುಂದುವರಿಯಬಹುದು, ನನ್ನದೇನೂ ಅಭ್ಯಂತರವಿಲ್ಲ.' ಅಲ್ಪವಿರಾಮ, ಪೂರ್ಣವಿರಾಮ ಸಮೇತ. ಅಲ್ಪವಿರಾಮ ಕಂಡ ಕೂಡಲೇ ನಾನು ಪಣ ಏರಿಸುತ್ತಿದ್ದೆ.

ಒಂದು ದಿನ ಸೋತ ಮೇಲೆ ನಾನು ಎಂದಿನ ವಾಕ್ಯ ಬರೆದೆ. ಅವರು ಬರೆದರು: "ನೀವು ನಮ್ಮ ಕಡೆಯವರು."

"ಹೇಗೆ ಹೇಳ್ತೀರಿ?"

"'ಆಡುವ' ಅಂದಿರಲ್ಲ. ಬೆಂಗಳೂರಿನವರಾದರೆ 'ಆಡೋಣ' ಅಂತಿದ್ದರು. ಅರ್ಥ ಒಂದೇ. ಆದರೆ ನಮ್ಮವರು 'ಆಡುವ' ಅಂದರೆ ಶಾಲೆ ಬಿಟ್ಟ ಮೇಲೆ ಗೆಳೆಯ ಮನೆಯ ಹೊರಗೆ ನಿಂತು ಕರೆದ ಹಾಗೆ ಕೇಳ್ತದೆ. ಯಾವ ಊರು ಮಾರಾಯ?"

ಅವರ ಹೆಸರು ಶ್ರೀಧರ ಮಾಸ್ಟ್ರು. ವೇಣೂರಿನವರು, ನಾರಾವಿ ದಾರಿಯಲ್ಲಿರುವ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ. ಆಮೇಲೆ ದಿನಾ ತುಳುವಿನಲ್ಲಿ ಹರಟೆ. ಅವರ ಹೆಡ್‌ಮಾಸ್ಟ್ರು ಪ್ರಾರ್ಥನೆಯ ಹೊತ್ತಿಗೆ ಕೆಮ್ಮುವುದನ್ನು ಅವರು ವರ್ಣಿಸಿದರು, ನಾನು ಮಾಡಿ ತೋರಿಸಿದೆ. ಒಮ್ಮೆಯೂ ನೋಡದ ಹೆಡ್‌ಮಾಸ್ಟ್ರನ್ನು ಅಷ್ಟು ಸರಿಯಾಗಿ ಮಾಡಿದ್ದು ನನ್ನ ವೃತ್ತಿಜೀವನದ ದೊಡ್ಡ ಸಾಧನೆ.

ಅವರ ಸೋಲಿನ ಬಗ್ಗೆ ನಾನು ಆಗಾಗ ಯೋಚಿಸುತ್ತಿದ್ದೆ, ಇಲ್ಲ ಎಂದಲ್ಲ. ಸಂಬಳ ಉಂಟು, ಖುಷಿಗೆ ಆಡುತ್ತಾರೆ, ಬೇರೆಯವರು ಕುಡಿತಕ್ಕೆ ಹಾಕುವುದನ್ನು ಇವರು ಇದಕ್ಕೆ ಹಾಕುತ್ತಾರೆ. ಈ ತರ್ಕ ಗಟ್ಟಿಯೇ ಇತ್ತು. 'ಆಡುವ' ಎಂಬ ಪದ ಮಾತ್ರ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಹಾಗೆ. ಆ ಪದ ಹೇಳುವಾಗ ಹೇಳಿದವನೂ ಕೇಳಿದವನೂ ಒಂದೇ ಬದಿ. ನಮ್ಮ ಟೇಬಲಿನಲ್ಲಿ ಒಂದೇ ಬದಿ ಎಂಬುದು ಇಲ್ಲ.

ಸರ್‌ಗೆ ಹೇಳಿದೆ. "ಸ್ನೇಹ ಒಳ್ಳೆಯದೇ," ಅಂದರು. "ಅವರು ಬೇರೆ ಟೇಬಲಿಗೆ ಹೋಗುವುದಿಲ್ಲ."

ಒಂದು ಶುಕ್ರವಾರ ಮಾಸ್ಟ್ರು ದೊಡ್ಡ ಸೋಲು ಸೋತರು. ನನ್ನ ವಾಕ್ಯ ಕಳಿಸಿದೆ. ಬಂದ ಉತ್ತರ ಇದು: "ಗೊತ್ತುಂಟು. ದುರದೃಷ್ಟ ಎಷ್ಟು ದಿನ ಇರ್ತದೆ? ಸಂಜೆ ಮಾತ್ರ ಆಡಿದರೆ ಆಗುವುದಿಲ್ಲ, ನಿನ್ನ ಹಾಗೆ ಪೂರ್ತಿ ಹೊತ್ತು ಕೂರಬೇಕು. ನಾಳೆ ಬೆಳಿಗ್ಗೆ ಸ್ವಯಂ ನಿವೃತ್ತಿಗೆ ಅರ್ಜಿ ಕೊಡ್ತಾ ಇದ್ದೇನೆ. ಹೆಡ್‌ಮಾಸ್ಟ್ರು ಸೋಮವಾರ ಬೆಳ್ತಂಗಡಿಯ ಶಿಕ್ಷಣ ಆಫೀಸಿಗೆ ಕಳಿಸ್ತಾರೆ. ನನ್ನ ಆಟದ ಮೇಲೆ ನನಗಿಂತ ಹೆಚ್ಚು ನಂಬಿಕೆ ಇಟ್ಟವ ನೀನೊಬ್ಬ. ಉಪಕಾರ ಮರೆಯುವುದಿಲ್ಲ."

ಒಂದು ಅಲ್ಪವಿರಾಮವೂ ಅಲಂಕಾರಕ್ಕೆ ಹಾಕಿದ್ದಲ್ಲ. ಮನುಷ್ಯ ಸುಳ್ಳು ಏರಿಸುತ್ತಿರಲಿಲ್ಲ.

ಮರುದಿನ ಶನಿವಾರ, ಶಾಲೆ ಅರ್ಧ ದಿನ. ಮಧ್ಯಾಹ್ನ ಸ್ಕೂಟರಿನಲ್ಲಿ ವೇಣೂರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿಗೆ ಬರಲು ಹೇಳಿದ್ದೆ. ಹಳಗನ್ನಡ ಎಂದರೆ ಬಿಳಿ ಮೀಸೆ, ಕೊಡೆ ಎಂದು ಎಣಿಸಿದ್ದೆ. ಬಂದದ್ದು ಟೀ ಶರ್ಟ್, ಕನ್ನಡಕ ಹಾಕಿದ, ನನಗಿಂತ ಚುರುಕಾಗಿ ನಡೆಯುವ ಮನುಷ್ಯ.

"ಗಿಳಿಮರಿ! ಎಷ್ಟು ಸಪೂರ ಮಾರಾಯ ನೀನು! ಗೆದ್ದ ಹಣದಲ್ಲಿ ಊಟ ಮಾಡುವುದಿಲ್ವಾ?"

ಚಾ, ಗೋಳಿಬಜೆ ಬಂತು. ಅರ್ಜಿ ಬೆಳಿಗ್ಗೆಯೇ ಕೊಟ್ಟಾಯಿತಂತೆ. ಹೆಡ್‌ಮಾಸ್ಟ್ರು ಓದಿ ಕೆಮ್ಮಿ ಮೇಜಿನ ಮೇಲೆ ಇಟ್ಟರಂತೆ.

"ಮನೆಯಲ್ಲಿ ಹೇಳಿದ್ದೀರಾ ಮಾಸ್ಟ್ರೇ?"

"ಮೊದಲು ಸರಕಾರಕ್ಕೆ, ಆಮೇಲೆ ಹೆಂಡತಿಗೆ. ಸರಕಾರ ಬೈಯುವುದಿಲ್ಲ ನೋಡು."

ನಾನು ಗ್ಲಾಸು ಕೆಳಗಿಟ್ಟೆ. "ಮಾಸ್ಟ್ರೇ, ನಿಮಗೆ ಆಟ ಬರುವುದಿಲ್ಲ."

ಅವರು ಕಣ್ಣು ಅರಳಿಸಿದರು. "ಇದು ಯಾರ ಸ್ವರ? ನೀನು ಟೇಬಲಿನಲ್ಲಿ ಮಾಡ್ತಿದ್ದ ಗುಣಪಾಲ ಸರ್‌ದಾ?"

"ನನ್ನದೇ."

"ನಿನ್ನ ಸ್ವರ ಹೀಗೆ ಇರ್ಲಿಕ್ಕಿಲ್ಲ. ಇನ್ನೊಮ್ಮೆ ಹೇಳು, ಯಾರು ಅಂತ ನಾನು ಹೇಳ್ತೇನೆ."

ಇನ್ನೊಮ್ಮೆ ಹೇಳಿದೆ. ಅವರು ಚಾ ಚೆಲ್ಲುವಷ್ಟು ನಕ್ಕರು. ಎಲ್ಲರ ಸ್ವರದಲ್ಲಿ ಮಾತಾಡಿದವನಿಗೆ ಹೀಗೊಂದು ದಿನ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮುಖ ಗಂಭೀರ ಮಾಡಿದಷ್ಟೂ ಅವರಿಗೆ ತಮಾಷೆ.

"ನೀವು ಬಂದಾಗಿನಿಂದ ಸೋಲ್ತಾ ಇದ್ದೀರಿ. ಅದು ಎಲೆಯ ದೋಷ ಅಲ್ಲ."

"ಎಲೆಯ ದೋಷ ಅಂತ ಹೇಳಿದ್ದು ನೀನೇ."

"ಸುಳ್ಳು ಹೇಳಿದ್ದು."

"ಆಗ ಸುಳ್ಳು ಹೇಳಿದವ ಈಗ ಸತ್ಯ ಯಾಕೆ ಹೇಳ್ತಿ?" ಮಾಸ್ಟ್ರು ಮುಂದೆ ಬಾಗಿ ಕಣ್ಣು ಹೊಡೆದರು. "ನಾನು ಪೂರ್ತಿ ಇಳಿದರೆ ನಿನಗೆ ಪೈಪೋಟಿ ಆಗ್ತದೆ ಅಂತ ಹೆದರಿಕೆಯಾ?"

ಹೊಗಳಿಕೆಯನ್ನು ವಾಪಸ್ ತಗೊಳ್ಳಲು ಆಗುವುದಿಲ್ಲ ಎಂದು ನನಗೆ ಅಲ್ಲಿ ಗೊತ್ತಾಯಿತು. ಹೊಲಿದ ರವಿಕೆಯಾದರೆ ಬಿಚ್ಚಬಹುದು.

ಸ್ಕೂಟರಿನ ಡಬ್ಬದಲ್ಲಿ ಒಂದು ಕಟ್ಟು ಇಸ್ಪೀಟು ಇತ್ತು. ಹೋಗಿ ತೆಗೆದುಕೊಂಡು ಬಂದೆ. ಹೋಟೆಲಿನವರ ಮುಖ ಕಪ್ಪಿಟ್ಟಿತು. "ಮಾಸ್ಟ್ರೇ, ಇಲ್ಲಿ ಇಸ್ಪೀಟಾ? ಮಕ್ಕಳು ಬರುವ ಜಾಗ."

"ನಾಟಕದ ರಿಹರ್ಸಲ್ ಅಣ್ಣಾ," ಅಂದೆ. "ಹಣ ಇಲ್ಲ. ಹಲ್ಲುಕಡ್ಡಿ ಮಾತ್ರ."

ಒಳಗಿನ ಫ್ಯಾಮಿಲಿ ರೂಮಿನಲ್ಲಿ ಕೂತೆವು. ಹಲ್ಲುಕಡ್ಡಿಗಳನ್ನು ಸಮ ಪಾಲು ಮಾಡಿದೆ. "ಈಗ ನಾನು ಹಳಗನ್ನಡ, ನೀವು ಗಿಳಿಮರಿ. ನಾನು ನಿಮ್ಮ ಹಾಗೆ ಆಡ್ತೇನೆ. ನೀವು ನನ್ನನ್ನು ಸೋಲಿಸಿ."

ಮಾಸ್ಟ್ರಿಗೆ ಇದು ಬಹಳ ಹಿಡಿಸಿತು. ಎಲೆ ಹಂಚಿದೆ. ನನಗೆ ಆಟಿನ್ ರಾಣಿಯೂ ಕೆಲಸಕ್ಕೆ ಬಾರದ ಒಂದು ಮೂರರ ಎಲೆಯೂ ಬಂದವು. ಬಿಸಾಡಬೇಕಾದ ಎಲೆ. ನಾನು ರಾಣಿಯನ್ನು ಎದೆಗೆ ಒತ್ತಿಕೊಂಡು ಕಡ್ಡಿ ಮುಂದಿಟ್ಟೆ. ಸೋತೆ. ಮುಂದಿನದರಲ್ಲಿ ಏನೂ ಇರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕನ್ನಡಕ ಸರಿಮಾಡುವವನ ಹಾಗೆ ಮೂಗು ಮುಟ್ಟಿ, "ತಾವು ಮುಂದುವರಿಯಬಹುದು, ನನ್ನದೇನೂ ಅಭ್ಯಂತರವಿಲ್ಲ," ಅಂದೆ.

"ನಾನು ಹೀಗೆ ಹೇಳ್ತೇನಾ?" ಮಾಸ್ಟ್ರು ಹೊಟ್ಟೆ ಹಿಡಿದುಕೊಂಡರು.

"ಅಲ್ಪವಿರಾಮ ಸಮೇತ."

ನಾನು ಬೇಕೆಂದು ಸೋಲಲಿಲ್ಲ. ಒಳ್ಳೆಯ ಎಲೆ ಬಂದಾಗ 'ಸರಿ' ಅಂದು ಗೆದ್ದೆ ಕೂಡ. ಅವರು ಹೇಗೆ ಆಡುತ್ತಾರೋ ಹಾಗೆ ಆಡಿದೆ, ಅಷ್ಟೆ. ಸ್ವಲ್ಪ ಹೊತ್ತಿನಲ್ಲಿ ಅವರು ತಮ್ಮ ಎಲೆ ನೋಡುವುದನ್ನೇ ಬಿಟ್ಟರು. ನನ್ನ ಬಾಯಿ ನೋಡುತ್ತಿದ್ದರು. ಚುಟುಕಾಗಿ ಮಾತಾಡಿದರೆ ಬಿಸಾಡುವುದು, ಗ್ರಂಥ ಮಾತಾಡಿದರೆ ಏರಿಸುವುದು. ಕಡ್ಡಿಗಳೆಲ್ಲ ಅವರ ಕಡೆ ಸೇರಿದವು. ನನ್ನ ಕೊನೆಯ ಕಡ್ಡಿಯನ್ನೂ ಎಳೆದುಕೊಂಡು, ಮಾಸ್ಟ್ರು ಕುರ್ಚಿಯಲ್ಲಿ ಹಿಂದೆ ಒರಗಿ, ನನ್ನ ಹಾಗೆ ತಲೆ ಓರೆ ಮಾಡಿ ಹೇಳಿದರು:

"ಛೆ, ನಿಮ್ಮದು ಸರಿಯಾದ ಆಟವೇ. ಎಲೆ ಕೈಕೊಟ್ಟಿತು ಮಾರಾಯ್ರೆ. ಇನ್ನೊಂದು ಆ..."

ಅಲ್ಲಿಗೆ ನಿಂತರು. ಬಾಯಿ ತೆರೆದೇ ಇತ್ತು. ಆ ವಾಕ್ಯವನ್ನು ಎದುರಿನವನಿಗೆ ಯಾಕೆ ಹೇಳುತ್ತಾರೆ ಎಂದು, ಅದನ್ನು ಹೇಳುತ್ತಿರುವಾಗಲೇ ಅವರಿಗೆ ಗೊತ್ತಾಗಿತ್ತು. ನಾನು ಎಷ್ಟೋ ಮುಖಗಳನ್ನು ಅನುಕರಿಸಿದವನು. ಆ ಮುಖವನ್ನು ಇಲ್ಲಿಯವರೆಗೆ ಮಾಡಿ ನೋಡಿಲ್ಲ.

ಹಲ್ಲುಕಡ್ಡಿಗಳನ್ನು ಸಾಲಾಗಿ ಜೋಡಿಸಿದರು. ಆಮೇಲೆ, "ಎಷ್ಟು ಸುಲಭ ಮಾರಾಯ ನಾನು," ಅಂದರು.

ನಾನು ಎಲೆಗಳನ್ನು ಒಟ್ಟು ಮಾಡಿ ಕಟ್ಟಿಗೆ ಸೇರಿಸಿದೆ.

"ಬೈಯುವುದಿಲ್ಲ ನಿನ್ನನ್ನು. ನಾನೂ ಬಾರದವರಿಂದಲೇ ಬದುಕುವವ. ಎಂಟನೇ ಕ್ಲಾಸಿಗೆ ಕನ್ನಡ ಪೂರ್ತಿ ಬಂದರೆ ನನಗೆ ಎಂತ ಕೆಲಸ?" ಒಂದು ಕಡ್ಡಿ ಮುರಿದರು. "ಆದರೆ ಮಕ್ಕಳು ತಪ್ಪು ಬರೆದದ್ದಕ್ಕೆ ನಾನು ಸರಿ ಅಂತ ಗುರುತು ಹಾಕಿ, ಅವರು ಮುಂದಿನ ವರ್ಷವೂ ನನ್ನ ಕ್ಲಾಸಿನಲ್ಲೇ ಇರಲಿ ಅಂತ ನಗಿಸಿ ಕೂರಿಸಿದರೆ... ಅದು ಹೇಗಾಗ್ತದೆ ಹೇಳು?"

"ನಿಮ್ಮನ್ನು ಪಾಸು ಮಾಡಬಾರದಿತ್ತು ಮಾಸ್ಟ್ರೇ."

"ಫೇಲೂ ಮಾಡಲಿಲ್ಲ ನೀನು. ಫೇಲು ಮಾಡಿದ್ದರೆ ನಾನು ಕಲೀತಿದ್ದೆ, ಇಲ್ಲವಾ ಬಿಡ್ತಿದ್ದೆ." ತಟ್ಟನೆ ಗೋಡೆಯ ಗಡಿಯಾರ ನೋಡಿದರು. "ಹೆಡ್‌ಮಾಸ್ಟ್ರು ಶನಿವಾರ ಪರೀಕ್ಷೆ ಲೆಕ್ಕಕ್ಕೆ ಸಂಜೆವರೆಗೆ ಇರ್ತಾರೆ. ಬಸ್ಸು ಈಗ ಇಲ್ಲ. ಸ್ಕೂಟರ್ ಉಂಟಲ್ಲ? ಹೋಗುವ."

ಅವರನ್ನು ಹಿಂದೆ ಕೂರಿಸಿಕೊಂಡು ನಾರಾವಿ ದಾರಿ ಹಿಡಿದೆ. ದಾರಿಯಲ್ಲಿ ನಾನು ಯಾರ ಸ್ವರವನ್ನೂ ತೆಗೆಯಲಿಲ್ಲ. ಒಂದು ಏರಿನಲ್ಲಿ ಗಾಡಿ ಎಳೆಯಲಾರದೆ ಕೆಮ್ಮಿತು. ಇಬ್ಬರಿಗೂ ಹೆಡ್‌ಮಾಸ್ಟ್ರ ನೆನಪಾಗಿರಬೇಕು, ಇಬ್ಬರೂ ನಗಲಿಲ್ಲ. ಶಾಲೆಯ ಗೇಟಿನಲ್ಲಿ ಇಳಿದು ಟೀ ಶರ್ಟ್ ಎಳೆದು ಸರಿಮಾಡಿಕೊಂಡರು. ನಾನೂ ಹಿಂದೆ ಹೊರಟೆ. ಕೈ ಅಡ್ಡ ಹಿಡಿದರು.

"ನೀನು ಹೋಗು. ನಿನ್ನ ಮುಖ ನೋಡಿದರೆ ನನಗೆ ನಗೆ ಬರ್ತದೆ. ನಗಾಡಿಕೊಂಡು ಅರ್ಜಿ ವಾಪಸ್ ಕೇಳಿದರೆ ಅವರು ತಮಾಷೆ ಅಂತ ತಿಳ್ಕೊಳ್ತಾರೆ."

ಅವರು ನಗುತ್ತಿರಲಿಲ್ಲ. ಅಂಗಳ ದಾಟಿ ಆಫೀಸಿನ ಕೋಣೆಯ ಕಡೆ ತಿರುಗುವವರೆಗೆ ನೋಡಿದೆ. ಆಮೇಲೆ ಗಾಡಿ ತಿರುಗಿಸಿದೆ.

ಮಡಂತ್ಯಾರಿಗೆ ಮುಟ್ಟುವ ಮೊದಲು ಫೋನಿಗೆ ಮಾಸ್ಟ್ರ ಸಂದೇಶ ಬಂದಿತ್ತು: 'ಸಿಕ್ಕಿತು.' ಒಂದೇ ಪದ. ಅದಾದ ಮೇಲೆ ಅವರು ನನಗೆ ಬರೆದಿಲ್ಲ. ನಾನೂ ಬರೆದಿಲ್ಲ. ಏನು ಬರೆಯುವುದು? ನನ್ನ ಫೋನಿಗೆ ಗೊತ್ತಿದ್ದದ್ದು ಒಂದೇ ವಾಕ್ಯ.

ಹುಡುಗರೇ, ಆಟ ಬಾರದವರನ್ನು ಸೋಲಿಸಿ ಹಣ ಮಾಡುವುದು ಸರಿಯಾ ತಪ್ಪಾ ಎಂದು ಕೇಳಿದರೆ ನನ್ನಲ್ಲಿ ಇನ್ನೂ ಪೂರ್ತಿ ಉತ್ತರ ಇಲ್ಲ. ಗೆಲ್ಲುವುದರ ಬಗ್ಗೆ ಗುಣಪಾಲ ಸರ್ ಹೇಳಿದ್ದರಲ್ಲಿ ತಪ್ಪು ಹುಡುಕಲು ಈಗಲೂ ನನಗೆ ಆಗಿಲ್ಲ. ಎದುರಿನವನು ಬಾರದವನಾಗಿಯೇ ಇರಲಿ ಎಂದು ನೀವು ಬೆಳಿಗ್ಗೆ ಎದ್ದು ಹಾರೈಸಬೇಕಾದ ಕೆಲಸ ಅದು, ಅಷ್ಟು ಮಾತ್ರ ಹೇಳಬಲ್ಲೆ. ಹಾರೈಕೆ ಹೇಗೂ ಬಾಯಿಗೆ ಬರುತ್ತದೆ, ಅದೂ ಬಹಳ ಸಿಹಿಯಾಗಿ ಬರುತ್ತದೆ. ಅದನ್ನು ನಂಬುವವರೂ ಸಿಗುತ್ತಾರೆ.

ಅವತ್ತು ಸಂಜೆ, ಊಟಕ್ಕೆ ಏಳುವ ಮೊದಲು, ಸರ್ ಫೋನು ಮಾಡಿದರು.

"ನಿಮ್ಮ ಕುರ್ಚಿ ಖಾಲಿ ಇದೆ. ಮಾಸ್ಟ್ರ ಕುರ್ಚಿಯೂ ಖಾಲಿ ಇದೆ. ಅವರಿಗೆ ಏನಾಯಿತು?"

"ಅವರು ಇನ್ನು ಬರುವುದಿಲ್ಲ ಸರ್."

"ಯಾಕೆ?"

"ಸೋಮವಾರ ಶಾಲೆ ಉಂಟಂತೆ."